ಒಂದು ಚಮಚ ನೊರೆ

ಜನವರಿ 9, ಗುರುವಾರ. ಬೆಳಿಗ್ಗೆ 6:50

ದೆಹಲಿಯ ದಟ್ಟ ಮಂಜು. ಬಾಲ್ಕನಿಯಿಂದ ಎದುರಿನ ಟವರ್ ಕಾಣ್ತಿಲ್ಲ. ಅಮ್ಮ, ಅಣ್ಣ ಬರ್ತಿರೋ ಟ್ರೇನು ನಾಲ್ಕು ಗಂಟೆ ಲೇಟ್. ಮಗಳು ಹಂಸಿನಿ ಇನ್ನೂ ಮಲಗಿದಾಳೆ. ಚಳಿಗೆ ಸ್ಕೂಲ್ ರಜೆ.

ದಿನದಂತೆ ಕೆಂಪು ಪೌಚ್ ತೆಗೆದು ನೋಡಿದೆ. ಆಂಪೂಲ್ — ಇಂಜೆಕ್ಷನ್ ಔಷಧಿಯ ಪುಟ್ಟ ಗಾಜಿನ ಬುಡ್ಡಿ — ಎರಡು. ಸಿರಿಂಜ್ ಮೂರು. ಅಲರ್ಜಿ ಸಿರಪ್. ಡಾಕ್ಟರ ಚೀಟಿ — ಕಾಲು ಎಂ.ಎಲ್., ತೊಡೆಯ ಹೊರಬದಿ, ಬಟ್ಟೆ ಮೇಲಿಂದಲೇ ಆದರೂ ಸರಿ, ತಡ ಮಾಡಬೇಡಿ. ಐದು ವರ್ಷದಿಂದ ಎಲ್ಲಿ ಹೋದರೂ ಜೊತೆಗಿದೆ. ಒಮ್ಮೆಯೂ ಬಳಸಿಲ್ಲ. ಕಿತ್ತಳೆ ಹಣ್ಣಿಗೆ ಚುಚ್ಚಿ ಕಲಿತದ್ದಷ್ಟೇ.

ಹಂಸಿನಿ ನಾಲ್ಕು ವರ್ಷದವಳಿದ್ದಾಗ, ದೀಪಾವಳಿಗೆ, ಅರ್ಧ ಕಾಜು ಕತ್ಲಿ. ತುಟಿ ಊದಿ, ಉಸಿರು ಸೀಟಿ ಹೊಡೆದ ಹಾಗೆ... ಗೋಡಂಬಿ, ಪಿಸ್ತಾ ಎರಡೂ ಆಗದು ಅಂದರು. ಮುಂದಿನ ಸಲ ಇನ್ನೂ ಜೋರಾಗಿರಬಹುದು ಅಂದರು. ಆ "ಮುಂದಿನ ಸಲ" ಅನ್ನೋದು ಅವತ್ತಿಂದ ಈ ಫ್ಲ್ಯಾಟ್‌ನಲ್ಲಿ ನಮ್ಮ ಜೊತೆ ವಾಸಕ್ಕಿದೆ.

ಹೆಂಡತಿ ಪ್ರಭಾ ಹೈದರಾಬಾದಿಗೆ ಟ್ರೇನಿಂಗ್‌ಗೆ ಹೋಗಿ ವಾರ ಆಯ್ತು. ಬರೋದು ಹದಿಮೂರಕ್ಕೆ. ಫೋನಿನಲ್ಲಿ ಅದೇ ಮಾತು. "ಭಾವನಿಗೆ ಮೊದಲೇ ಹೇಳಿಬಿಡು ಯಶು. ಅವರು ಪ್ರೀತಿಗೆ ಬಾಯಿಗಿಡೋ ಮನುಷ್ಯ."

ಅದೇ ದಿನ, ಮಧ್ಯಾಹ್ನ 3

ಬಂದರು. ಚಿದಂಬರಣ್ಣ ಮಂಕಿ ಕ್ಯಾಪ್, ಹೆಗಲಿಗೆ ಶಾಲು, ಎರಡು ಚೀಲ ತಿಪಟೂರು ಕಾಯಿ. ಅಮ್ಮನ ಕೈಯಲ್ಲಿ ಇನ್ಸುಲಿನ್ ಇಟ್ಟ ಪುಟ್ಟ ಥರ್ಮಾಸ್. ಮಗುವಿಗಿಂತ ಜೋಪಾನ.

ಚೀಲದ ತಳದಲ್ಲಿ ರವೆ ಉಂಡೆ ಡಬ್ಬ. ಪ್ರತಿ ಉಂಡೆಗೂ ಒಂದು ಗೋಡಂಬಿ ಒತ್ತಿದ್ದಾರೆ. ಅಮ್ಮನೇ ಕೂತು ಕಟ್ಟಿದ್ದು. ಡಬ್ಬ ತೆಗೆದ ಕೂಡಲೇ ಮುಚ್ಚಿದೆ. ಕೆಳಗೆ ಹೋಗಿ ಗಾರ್ಡ್‌ಗೆ ಕೊಟ್ಟು ಬಂದೆ. ಕೈ ಎರಡು ಸಲ ತೊಳೆದೆ. ಅಮ್ಮನ ಮುಖ ಸಣ್ಣಗಾಯ್ತು.

ಅಣ್ಣ ನಕ್ಕ. "ಅಲ್ಲ ಕಣೋ, ಗೋಡಂಬಿ ತಿಂದು ಯಾರಾದ್ರೂ ಸತ್ತಿದಾರಾ? ದುಡ್ಡಿಲ್ಲದೆ ತಿನ್ನಕ್ಕಾಗದೆ ಸತ್ತಿರಬೇಕು ಅಷ್ಟೆ."

ಹಂಸಿನಿಯೂ ನಕ್ಕಳು.

ಜನವರಿ 10, ಶುಕ್ರವಾರ. ಸಂಜೆ

ಕುತುಬ್ ಮಿನಾರ್. ಅಮ್ಮ ಮೇಲೆ ನೋಡಿ ನೋಡಿ ಕತ್ತು ಹಿಡಿದುಕೊಂಡರು. ಹುಲ್ಲಿನ ಮೇಲೆ ಬಿಸಿಲು ಕಾಯಿಸ್ತಾ ಮೊಸರನ್ನ ತಿಂದೆವು. ಮನೆಯದು. ಆ ಹತ್ತು ನಿಮಿಷ ನಿಶ್ಚಿಂತೆ.

ಹೊರಗೆ ಬಂದ ಮೇಲೆ ಅಣ್ಣ ಶುರು. ಎಳ್ಳಿನ ಗಜಕ್, ಸಿಹಿಗೆಣಸಿನ ಶಕರ್‌ಕಂದಿ ಚಾಟ್, ಆಲೂ ಟಿಕ್ಕಿ — ಕಂಡದ್ದೆಲ್ಲ. ಪ್ರತಿ ಗಾಡಿ ಮುಂದೆಯೂ ಹಂಸಿನಿ ನನ್ನ ಮುಖ ನೋಡೋದು, ನಾನು ತಲೆ ಅಲ್ಲಾಡಿಸೋದು. ಕಡೆಗೆ ನೋಡೋದನ್ನೇ ಬಿಟ್ಟಳು. ಅದು ಇನ್ನೂ ಕಷ್ಟ ಅನ್ನಿಸ್ತು.

"ಮಗೂಗೆ ಉಸಿರಾಡಕ್ಕಾದ್ರೂ ಬಿಡ್ತೀಯಾ, ಅದಕ್ಕೂ ಎಣಿಕೆನಾ?" ಅಂದ ಅಣ್ಣ. ಪೌಚ್ ಅವನ ಕೈಗೆ ಕೊಟ್ಟೆ. ಕನ್ನಡಕ ಹಾಕ್ಕೊಂಡು ಚೀಟಿ ಪೂರ್ತಿ ಓದಿದ. ಮತ್ತೆ ಮೊದಲಿಂದ ಓದಿದ. ನಗು ಹೋಯ್ತು.

"ಇದನ್ನ ನೀನೇ ಚುಚ್ಚಬೇಕಾ?"

"ಹೂಂ."

"ಕೈ ನಡುಗಲ್ವೇನೋ?"

"ಇಲ್ಲ" ಅಂದೆ. ಸುಳ್ಳು. ಕಿತ್ತಳೆ ಹಣ್ಣಿಗೇ ನಡುಗಿತ್ತು.

ನಾಳೆ ಕೆಂಪುಕೋಟೆ, ಚಾಂದನಿ ಚೌಕ್.

ಜನವರಿ 11, ಶನಿವಾರ. ಮಧ್ಯಾಹ್ನ 2:15. ಆಸ್ಪತ್ರೆ

(ಡೈರಿ ಮನೇಲಿದೆ. ಕೇಸ್ ಪೇಪರ್ ಹಿಂದೆ ಬರೀತಿದೀನಿ. ಏನಾದರೂ ಮಾಡ್ತಿರದೆ ಕೂರಕ್ಕಾಗಲ್ಲ.)

ಉಸಿರಾಡ್ತಿದಾಳೆ. ಮೊದಲು ಅದನ್ನ ಬರೀಬೇಕು. ಉಸಿರಾಡ್ತಿದಾಳೆ.

ಕೋಟೆ ನೋಡಿ ಹನ್ನೊಂದಕ್ಕೆ ಚೌಕಿಗೆ ಬಂದೆವು. ಅಣ್ಣ ಇವತ್ತು ತಾನೇ ಹುಷಾರು. ಜಿಲೇಬಿ ಅಂಗಡಿ ಮುಂದೆ ನನಗಿಂತ ಮೊದಲು ಅವನೇ ಕೇಳಿದ — "ಭಯ್ಯಾ, ಕಾಜು? ಪಿಸ್ತಾ?" ಅಷ್ಟೇ ಅವನ ಹಿಂದಿ.

ಗಲ್ಲಿ ಬಾಯಲ್ಲಿ ದೌಲತ್ ಕಿ ಚಾಟ್. ಚಳಿಗಾಲದಲ್ಲಿ ಮಾತ್ರ ಬರೋದು. ಹಾಲು ಕಡೆದು ತೆಗೆದ ನೊರೆ, ದೊಡ್ಡ ತಟ್ಟೇಲಿ ಮೋಡ ಕೂತ ಹಾಗೆ, ಮೇಲೆ ಕೇಸರಿ, ಖೋವಾ, ಪಿಸ್ತಾ ಚೂರು. ಹಂಸಿನಿ ನಿಂತಳು. ಕೇಳಲಿಲ್ಲ. ಸುಮ್ಮನೆ ನೋಡಿದಳು. ಪ್ರತಿ ವರ್ಷ ಹಾಗೇ ನೋಡಿಕೊಂಡು ಹೋಗ್ತಾಳೆ.

ನನಗೇನಾಯ್ತೋ.

"ಭಯ್ಯಾ, ಪಿಸ್ತಾ ಇಲ್ಲದೆ ಸಿಗತ್ತಾ?" ಅಂತ ಹಿಂದೀಲಿ ಕೇಳಿದೆ. ಯಾಕಿಲ್ಲ ಅಂದ. ಪಿಸ್ತಾ ಬೀಳದ ಬದಿಯಿಂದ ಒಂದು ದೊನ್ನೆ ತೆಗೆದ. ಕಣ್ಣಾರೆ ನೋಡಿದೆ. ಬರೀ ನೊರೆ, ಸಕ್ಕರೆ.

ಅಣ್ಣ ತೋಳು ಹಿಡಿದ. "ಬೇಡ ಬಿಡೋ ಯಶು. ಬೇರೆ ಏನಾದ್ರೂ ಕೊಡ್ಸೋಣ."

"ನಾನು ಕೇಳಿದೀನಲ್ಲ. ಇದರಲ್ಲಿ ಇಲ್ಲ" ಅಂದೆ.

ನಾನೇ ಚಮಚದಲ್ಲಿ ತೆಗೆದು ಬಾಯಿಗಿಟ್ಟೆ. ಅವಳ ಕಣ್ಣು ಮುಚ್ಚಿಹೋಯ್ತು, ಖುಷಿಗೆ. "ಪಪ್ಪಾ, ಇದು ಬಾಯಲ್ಲೇ ಗಾಯಬ್ ಆಗೋಯ್ತು!" ಅಂದಳು.

ಚಾಟ್‌ನವನು ಪಿಸ್ತಾ ಬಿದ್ದದ್ದಕ್ಕೂ ಇದಕ್ಕೂ ಒಂದೇ ಸೌಟು ಬಳಸ್ತಿದ್ದ. ಅದು ಕಣ್ಣಿಗೆ ಬಿದ್ದದ್ದು ಆಮೇಲೆ.

ಐದು ನಿಮಿಷಕ್ಕೆ ತುಟಿ ಕೆರೆದುಕೊಂಡಳು. ಆಮೇಲೆ ಕೆಮ್ಮು. ಕತ್ತಿನ ಸುತ್ತ ಕೆಂಪು ದದ್ದು. ಆಮೇಲೆ ಆ ಸೀಟಿ. ಐದು ವರ್ಷ ಆದರೂ ಕಿವಿ ಮರೆತಿರಲಿಲ್ಲ.

ಒಂದು ಬಟ್ಟೆ ಅಂಗಡಿ ಮೆಟ್ಟಿಲ ಮೇಲೆ ಕೂರಿಸಿದೆ. ಪೌಚ್ ತೆಗೆದೆ. ಆಂಪೂಲ್ ಕತ್ತು ಮುರಿಯಹೋದೆ. ಮುಷ್ಟಿಯಲ್ಲೇ ಪುಡಿಯಾಯ್ತು. ಔಷಧಿ, ರಕ್ತ ಎಲ್ಲ ಬೆರಳ ಸಂದೀಲಿ. ಉಳಿದದ್ದು ಒಂದು. ಅದನ್ನ ಹಿಡ್ಕೊಂಡು ನಿಂತೆ. ನಿಂತೇ ಇದ್ದೆ. ಕೈ ನನ್ನದಲ್ಲ ಅನ್ನೋ ಹಾಗೆ ಕುಣೀತಿತ್ತು. ಅವಳು ನನ್ನನ್ನೇ ನೋಡ್ತಿದ್ದಳು, ಬಾಯಿ ತೆರಕೊಂಡು.

"ಕೊಡು ಇಲ್ಲಿ" ಅಂದರು ಅಮ್ಮ.

ಅಣ್ಣ ಶಾಲಿನ ತುದಿ ಸುತ್ತಿ ಆಂಪೂಲ್ ಮುರಿದ. ಅಮ್ಮ ಸಿರಿಂಜನ್ನ ಬೆಳಕಿಗೆ ಹಿಡಿದು ಔಷಧಿ ಎಳೆದರು. "ಎಷ್ಟು?" "ಕಾಲು." "ಎಲ್ಲಿ?" ತೋರಿಸಿದೆ. ಹನ್ನೆರಡು ವರ್ಷದಿಂದ ದಿನಕ್ಕೆರಡು ಸಲ ತನಗೆ ತಾನೇ ಇನ್ಸುಲಿನ್ ಚುಚ್ಚಿಕೊಂಡ ಕೈ. ಲೆಗ್ಗಿಂಗ್ಸ್ ಮೇಲಿಂದಲೇ ಇಳಿಸಿದರು. "ಆಯ್ತು ಚಿನ್ನ, ಆಯ್ತು, ಅಜ್ಜಿ ಇದೀನಿ." ಒಂದು ಚೂರೂ ನಡುಗಲಿಲ್ಲ.

ಚೌಕಿನೊಳಗೆ ಹಗಲು ಕಾರು-ಆಟೋ ಬಿಡಲ್ಲ. ಸೈಕಲ್ ರಿಕ್ಷಾ ಒಂದೇ. ನಾನು ಅವಳನ್ನ ಎದೆಗೊತ್ತಿಕೊಂಡು ಕೂತೆ, ಪಕ್ಕದಲ್ಲಿ ಅಮ್ಮ. ಅಣ್ಣ ರಿಕ್ಷಾ ಮುಂದೆ ಓಡಿದ — ಐವತ್ತೆಂಟರ ವಯಸ್ಸಲ್ಲಿ — ಎರಡೂ ಕೈ ಬೀಸ್ತಾ. "ದಾರಿ ಬಿಡ್ರೋ! ಮಗು ಇದೆ! ದಾರಿ ಬಿಡ್ರಪ್ಪಾ!" ಅಪ್ಪಟ ಕನ್ನಡ. ಆ ಶನಿವಾರದ ಜಾತ್ರೆಯಂಥ ಜನ ದಾರಿ ಬಿಟ್ಟರು. ಒಬ್ಬ ಮೂಟೆ ಹೊತ್ತವನು ಮೂಟೆ ಸಮೇತ ಗೋಡೆಗೊರಗಿದ.

ಅರ್ಧ ದಾರೀಲಿ ಸೀಟಿ ಸಣ್ಣಗಾಯ್ತು.

ಇಲ್ಲಿ ಆಕ್ಸಿಜನ್, ಡ್ರಿಪ್. ಡಾಕ್ಟರ್ ಹುಡುಗಿ ಕೇಳಿದಳು — ಇಂಜೆಕ್ಷನ್ ಯಾರು ಕೊಟ್ಟಿದ್ದು? ಅಮ್ಮನ್ನ ತೋರಿಸಿದೆ. ಅವಳು ಎದ್ದು ನಿಂತು ಅಮ್ಮನಿಗೆ ಕೈ ಮುಗಿದಳು. ಆದರೆ ಮತ್ತೆ ಮರುಕಳಿಸಬಹುದಂತೆ. ಸಂಜೆವರೆಗೆ ಬಿಡಲ್ಲ. ಎದೆ ಏರೋದು ಇಳಿಯೋದು ಎಣಿಸ್ತಾ ಕೂತಿದೀನಿ.

ಅದೇ ದಿನ, 4:40

ಪ್ರಭಾಗೆ ಫೋನ್ ಮಾಡಿದೆ. ಮೊದಲು ಅತ್ತಳು. ಆಮೇಲೆ ದನಿ ಗಟ್ಟಿಯಾಯ್ತು. "ಏನು ತಿಂದಳು? ಯಾರು ಕೊಟ್ಟಿದ್ದು?"

ಬಾಯಿ ತೆರೆದೆ. ಏನೂ ಬರಲಿಲ್ಲ. ನಿಜವಾಗಿ ಬರಲಿಲ್ಲ.

ಅಣ್ಣ ಫೋನ್ ಕಿತ್ಕೊಂಡ. "ನಾನೇ ಕಣಮ್ಮ ಪ್ರಭಾ. ತಪ್ಪಾಯ್ತು. ಯಶು ಬೇಡ ಅಂತಿದ್ದ, ನಾನೇ ಕೇಳಲಿಲ್ಲ."

ಕೊಟ್ಟುಬಿಟ್ಟ ಫೋನ್ ವಾಪಸ್. ನಾನು... "ಹಲೋ" ಅಂದೆ. ಅಷ್ಟೆ.

ಜನವರಿ 12, ಭಾನುವಾರ

ಮನೆ. ನಿನ್ನೆ ಸಂಜೆ ಏಳಕ್ಕೆ ಬಿಟ್ಟರು. ಔಷಧಿ ಅಂಗಡಿ ಅಂಗಡಿ ತಿರುಗಿ ಹೊಸ ಆಂಪೂಲ್ ಆರು ತಂದೆ.

"ಯಾಕಣ್ಣ ಹಾಗಂದೆ?"

"ನಾಲ್ಕು ದಿನ ಇದ್ದು ಹೋಗೋನು ನಾನು. ನೀನು ಪ್ರಭಾ ಜೊತೆ ಬಾಳಬೇಕಾದೋನು. ಬಿಡು."

ಬಿಟ್ಟೆ. ಅದೇ ಭಯ ಆಗ್ತಿದೆ. ಎಷ್ಟು ಸಲೀಸಾಗಿ ಬಿಟ್ಟೆ.

ಜನವರಿ 13, ಸೋಮವಾರ

ಪ್ರಭಾ ಬಂದಳು. ಚಪ್ಪಲಿ ಬಿಡದೆ ಒಳಗೋಡಿ ಮಗುವನ್ನ ಅಪ್ಪಿಕೊಂಡಳು. ಅಮ್ಮನ ಎರಡೂ ಕೈ ಕಣ್ಣಿಗೊತ್ತಿಕೊಂಡಳು. ಅಣ್ಣನ ಮುಂದೆ ಟೀ ಲೋಟ ಇಟ್ಟಳು. ಅವನ ಮುಖ ನೋಡಲಿಲ್ಲ.

ಅಮ್ಮ, ಅಣ್ಣ ಹದಿನೇಳರವರೆಗೆ ಇರಬೇಕಿತ್ತು. ತಾಜ್ ಮಹಲ್ ನೋಡಬೇಕು ಅನ್ನೋದು ಅಮ್ಮನ ಎಷ್ಟು ವರ್ಷದ ಆಸೆ. ಅಣ್ಣ ತತ್ಕಾಲಲ್ಲಿ ನಾಳೆಗೇ ಟಿಕೆಟ್ ಮಾಡ್ಸಿದ. "ಊರಲ್ಲಿ ಅಂಗಡಿ ನೋಡ್ಕೊಳ್ಳೋರಿಲ್ಲ" ಅಂದ. ಯಾರೂ ತಡೀಲಿಲ್ಲ.

ಜನವರಿ 14, ಮಂಗಳವಾರ. ಸಂಕ್ರಾಂತಿ

ಹಬ್ಬದ ದಿನ ಟ್ರೇನು ಹತ್ತಿಸಿದೆ. ಅಣ್ಣ ಸೀಟ್ ಹುಡುಕ್ತಾ ಒಳಗೆ ಹೋದ. ಅಮ್ಮ ಕಿಟಕಿ ಹತ್ತಿರ, ಕಂಬಿ ಸಂದೀಲಿ ನನ್ನ ಬೆರಳು ಹಿಡಿದು, ಮೆಲ್ಲಗೆ —

"ಅವನಾಗೇ ಹೊತ್ಕೊಂಡ ಕಣೋ. ಇಳಿಸೋದು ನಿನ್ನ ಕೆಲಸ."

ಅಮ್ಮನಿಗೆ ಎಲ್ಲ ಗೊತ್ತಿತ್ತಲ್ಲ, ಪಕ್ಕದಲ್ಲೇ ಇದ್ದರಲ್ಲ. ಅದು ನನಗೆ ಹೊಳೆದದ್ದೇ ಆಗ.

ಜನವರಿ 19, ಭಾನುವಾರ

ಐದು ದಿನ ಬರೆದಿಲ್ಲ. ಬರೆಯೋಕೆ ಕೂತರೆ ಅಮ್ಮನ ಆ ಒಂದು ಮಾತೇ ಬರತ್ತೆ.

ಹಂಸಿನಿ ತಿಂತಿಲ್ಲ. ಮೊಸರನ್ನ ಮಾತ್ರ, ಅದೂ ಪ್ರಭಾ ಕಲಸಿದರೆ. ಟಿಫಿನ್ ಹೋದ ಹಾಗೇ ವಾಪಸ್. ನಾನು ಮಾಡಿದ ದೋಸೆ ಮೂಸಿ ನೋಡಿ ಪಕ್ಕಕ್ಕಿಟ್ಟಳು. ಭುಜದ ಮೂಳೆ ಕಾಣ್ತಿದೆ. ಡಾಕ್ಟರ್ ಹೇಳ್ತಾರೆ, ಹೆದರಿದಾಳೆ, ಟೈಮ್ ಕೊಡಿ. ನನ್ನನ್ನ ಆ ಸೀಟಿಗಿಂತ ಇದೇ ಹೆಚ್ಚು ಹೆದರಿಸ್ತಿದೆ.

ಪ್ರಭಾ ಇವತ್ತು ಅಂದಳು — "ನಿಮ್ಮಣ್ಣನಿಂದ ಮಗು ಹೀಗಾಯ್ತು. ಇನ್ನು ನಮ್ಮನೆಗೆ ಬರೋದು ಬೇಡ."

ಹೂಂ ಅನ್ನಲಿಲ್ಲ. ಉಹೂಂ ಅಂತಲೂ ಅನ್ನಲಿಲ್ಲ.

ಜನವರಿ 25, ಶನಿವಾರ. ಸಂಜೆ 5

ಪ್ರಭಾ ತರಕಾರಿಗೆ ಹೋಗಿದ್ದಳು. ಸೇಬು ಹೆಚ್ಚಿ ಕೊಟ್ಟೆ. ಮುಟ್ಟಲಿಲ್ಲ.

"ಬರೀ ಸೇಬು ಪುಟ್ಟಾ. ನನ್ನಾಣೆ."

"ಅವತ್ತೂ ಇಲ್ಲ ಅಂದಿದ್ರಿ."

ತಟ್ಟೆ ಅವಳ ಹತ್ತಿರ ಸರಿಸಿದೆ.

"ಪಪ್ಪಾ, ದೊಡ್ಡಪ್ಪ ಬೇಡ ಅಂದ್ರು ಅಲ್ವಾ? ನೀವೇ ಕೊಟ್ಟಿದ್ದು ನಾ? ಫಿರ್ ಮಮ್ಮಾ ದೊಡ್ಡಪ್ಪನ ಮೇಲೆ ಯಾಕೆ ಗುಸ್ಸಾ?"

"ಅದು... ದೊಡ್ಡಪ್ಪ ಹಾಗೆ ಹೇಳಿದ್ರು."

"ನೀವೂ ಹೇಳ್ಲಿಲ್ಲ. ಚುಪ್ ಇದ್ರಿ." ತಟ್ಟೆ ಆಚೆ ತಳ್ಳಿದಳು. "ನೀವು ಝೂಠ್ ಹೇಳಿದ್ರೆ ನಂಗೆ ಹೇಗೆ ಗೊತ್ತಾಗತ್ತೆ, ಯಾವ್ದು ತಿನ್ಬೋದು ಅಂತ?"

ಒಂಬತ್ತು ವರ್ಷ ಅವಳಿಗೆ. ಲೇಬಲ್ ಓದಿ, ಅಂಗಡಿಯವರನ್ನ ಕೇಳಿ, ಬೆದರಿ ಬೆದರಿ ಕಾಪಾಡಿದೆ ಅಂದ್ಕೊಂಡಿದ್ದೆ. ಅವಳಿಗಿದ್ದದ್ದು ನನ್ನ ಮಾತೊಂದೇ. ಅದನ್ನೇ ಕೆಡಿಸಿದೆ.

"ನಾನೇ ಕೊಟ್ಟಿದ್ದು" ಅಂದೆ. "ಸೌಟು ನೋಡಲಿಲ್ಲ. ದೊಡ್ಡಪ್ಪ ಬೇಡ ಅಂದ್ರೂ ಕೇಳಲಿಲ್ಲ. ಆಮೇಲೆ ಹೆದರಿ ಸುಮ್ಮನಾದೆ."



"ಮಮ್ಮಾಗೆ ಹೇಳ್ತೀರಾ?"

"ನಾಳೆ ಹೇಳ್ತೀನಿ."

ಒಂದು ಹೋಳು ತಗೊಂಡಳು. ತುದಿ ಕಚ್ಚಿದಳು. ಕಾದಳು. ಇನ್ನೊಂದು ಚೂರು ಕಚ್ಚಿದಳು.

ಜನವರಿ 26, ಭಾನುವಾರ. ಬೆಳಿಗ್ಗೆ 11:30

ಹೇಳಿದೆ. ಟಿವಿಯಲ್ಲಿ ಪರೇಡ್ ನಡೀತಿತ್ತು. ಟಿವಿ ಆಫ್ ಮಾಡಿ ಹೇಳಿದೆ. ದೊನ್ನೆ, ಚಮಚ, ಅಣ್ಣ ತೋಳು ಹಿಡಿದದ್ದು, ಪುಡಿಯಾದ ಆಂಪೂಲ್, ಫೋನು. ಒಂದನ್ನೂ ಬಿಡದೆ.

ಕಿರುಚ್ತಾಳೆ ಅಂದ್ಕೊಂಡಿದ್ದೆ. ಕಿರುಚಲಿಲ್ಲ. "ಹದಿನೈದು ದಿನ" ಅಂದಳು. "ಹದಿನೈದು ದಿನ ಆ ಮನುಷ್ಯನ ಜೊತೆ ಒಂದು ಮಾತಾಡಿಲ್ಲ ನಾನು. ನೀನು ನೋಡ್ತಾ ಕೂತಿದ್ದೆ."

"ಹೂಂ."

"ಚಮಚದ್ದು ತಪ್ಪು ಯಶು. ಯಾರಿಗಾದ್ರೂ ಆಗತ್ತೆ, ನನಗೂ ಆಗಬಹುದಿತ್ತು. ಆದ್ರೆ ಹೀಗೆ ಸುಮ್ಮನಿದ್ದದ್ದು ಬರೀ ತಪ್ಪಲ್ಲ. ಇದಕ್ಕೇನನ್ನಬೇಕೋ ಗೊತ್ತಿಲ್ಲ ನನಗೆ."

ಫೋನ್ ತಗೊಂಡು ಬಾಲ್ಕನಿಗೆ ಹೋದಳು. ಬಾಗಿಲು ಎಳೆದುಕೊಂಡಳು. ಇಲ್ಲಿ ಕೂತು ಬರೀತಿದೀನಿ. "ಭಾವಾ, ನಾನು ಪ್ರಭಾ" ಅಂದದ್ದು ಕೇಳಿಸ್ತು. ಆಮೇಲೆ ಏನೂ ಇಲ್ಲ. ಗಾಜಿನಾಚೆ ಅವಳ ಬೆನ್ನು ಮಾತ್ರ. ಭುಜ ಅಲುಗ್ತಿದೆ. ಅಳ್ತಿದಾಳೆ. ಅಣ್ಣ ಆ ಕಡೆಯಿಂದ ಏನೋ ಸಮಾಧಾನ ಹೇಳ್ತಿರಬೇಕು.

ಹಂಸಿನಿ ಬಂದು ನನ್ನ ಪಕ್ಕ ಕೂತಳು.

ಪ್ರಭಾ ತಿರುಗಿದಳು. ಬಾಗಿಲು ಸರಿಸಿದಳು. ಫೋನ್ ನನ್ನ ಕಡೆ ಚಾಚಿ ನಿಂತಿದಾಳೆ, ಮುಖ ನೋಡ್ತಿಲ್ಲ, "ಭಾವ ನಿನ್ನ ಹತ್ರ ಮಾತಾಡಬೇಕಂತೆ, ತಗೋ" ಅಂತ. ಪೆನ್ನು ಇಡ್ತೀನಿ.