ಸಾವಳಗಿಯ ಕೇಬಲ್ ಜೋಡಿಸಿದರು

ಅಕ್ಷತಾ,

ನೀನು ಅಳುತ್ತ ಮಲಗಿದವಳು, ಎಬ್ಬಿಸಲು ಮನಸ್ಸಾಗಲಿಲ್ಲ. ಬಿಚ್ಚಿಟ್ಟ ನಿಶ್ಚಯದ ಉಂಗುರವನ್ನು ಮೊದಲು ಹಾಕಿಕೋ. ಯಲ್ಲಾಲಿಂಗ ಸಿಟ್ಟಾಗಿ ಕರೆ ಮಾಡುವುದನ್ನು ನಿಲ್ಲಿಸಿದ್ದಲ್ಲ, ಹುಚ್ಚಿ! ಅವನೂರು ಸಾವಳಗಿಯಲ್ಲಿ ಪೈಪಿಗಾಗಿ ರಸ್ತೆ ಅಗೆಯುವಾಗ ನೆಲದಡಿಯ ಕೇಬಲ್ ಕಡಿದುಹೋಗಿತ್ತಂತೆ. ಮೊಬೈಲ್ ಟವರಿಗೂ ಅದೇ ಕೇಬಲ್. ಇಡೀ ಊರಿಗೇ ನೆಟ್ ಇರಲಿಲ್ಲ.

ಬೆಳಿಗ್ಗೆ ಜೋಡಿಸಿದ ಕೂಡಲೇ ಅವನ ತಾಯಿ ನನಗೆ ಫೋನ್ ಮಾಡಿದರು: "ಶೈಲವ್ವಾ, ಇಬ್ರಿಗೂ ಕಿವಿ ಕೇಳಂಗಿಲ್ಲ. ವಿಡಿಯೋದಾಗ ಕೈ ಕಾಣ್ಲಿಲ್ಲಂದ್ರ ಹೆಂಗ ಮಾತಾಡ್ಯಾರು? ಹುಡುಗ ಊಟಾನೂ ಬಿಟ್ಟಿದ್ದ ನೋಡವ್ವಾ."

ಕೇಳಿದ ಕೂಡಲೇ ನಿನ್ನ ಅಣ್ಣನಿಗೂ ಹೇಳಿದೆ.

ನಾನು ಶಾಲೆಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ತಿನ್ನು. ರೌಟರಿನ ಸ್ವಿಚ್ ಆರಿಸಬೇಡ, ಅವನು ಇನ್ನೇನು ಕರೆಯುತ್ತಾನೆ. ಮುಖ ತೊಳೆದುಕೊಂಡು ಕಿಟಕಿಯ ಬೆಳಕಿಗೆ ಕೂಡು. ನಿನ್ನ ಕೈ ಅವನಿಗೆ ಚೆನ್ನಾಗಿ ಕಾಣಲಿ.

ವೈನಿ