ಕತ್ತೆಗೆ ಹಿಂದಿ ಕಲಿಸಿದ ಮಾನ್ಯರಿಗೆ

ಶನಿವಾರ ಬೆಳಿಗ್ಗೆ ಟಿ.ವಿ.ಯಲ್ಲಿ ಏನು ಬರಬೇಕೆಂದು ನಿರ್ಧರಿಸುವ ಕುರ್ಚಿಯಲ್ಲಿ ಸದ್ಯಕ್ಕೆ ಯಾರು ಕುಳಿತಿದ್ದಾರೋ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕತ್ತೆಗೆ ಹಿಂದಿ ಕಲಿಸಿದ್ದೀರಿ. ಅದರಿಂದ ಇಲ್ಲಿ ಬ್ಯಾಡಗಿಯಲ್ಲಿ ನಮ್ಮ ಅತ್ತೆಯವರು ಮಾತು ಬಿಟ್ಟರು. ನನ್ನ ದೂರು ಇಷ್ಟೇ. ಒಂಬತ್ತು ವರ್ಷದ ಹಿಂದೆ ಹೇಳದೆ ಕೇಳದೆ ನಿಲ್ಲಿಸಿದ್ದ ಕತ್ತೆ-ಕಾಗೆಯ ಕಾರ್ಟೂನನ್ನು ಈ ಬೇಸಿಗೆಯಲ್ಲಿ ‘ಪ್ರೇಕ್ಷಕರ ಒತ್ತಾಯದ ಮೇರೆಗೆ’ ಮತ್ತೆ ಶುರುಮಾಡಿದ್ದೀರಿ, ಸಂತೋಷ. ಒತ್ತಾಯಿಸಿದ ಪ್ರೇಕ್ಷಕರಲ್ಲಿ ನಾವೂ ಇದ್ದೆವು. ನಾನೇ ಮೂರು ಸಲ ಕಾರ್ಡು ಬರೆದಿದ್ದೆ. ಆದರೆ ಮೊದಲು ಇಂಗ್ಲಿಷಿನಲ್ಲಿ ಇದ್ದದ್ದನ್ನು ನಮಗೆ ಅರ್ಥವಾಗುವ ಹಾಗೆ ಮಾಡಿ ಎಂದು ಒತ್ತಾಯಿಸಿದವರು ಯಾರು? ಅವರ ಹೆಸರು, ವಿಳಾಸ ದಯಪಾಲಿಸಿದರೆ ಹೋಗಿ ಮಾತಾಡಿಸಿ ಬರುತ್ತೇನೆ.

ಸೊಸೆಯಾದವಳು ಅತ್ತೆಯ ಮೌನದ ವಿರುದ್ಧ ಸರ್ಕಾರಕ್ಕೆ ದೂರು ಕೊಡುವುದು ಲೋಕದಲ್ಲಿ ಇದೇ ಮೊದಲಿರಬೇಕು. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುವುದು ನನ್ನ ಕರ್ತವ್ಯ.

ನಮ್ಮ ಯಜಮಾನರು ಹಜರತಅಲಿಯವರು ಮೆಣಸಿನಕಾಯಿ ವ್ಯಾಪಾರಸ್ಥರು. ೧೯೮೭ರಲ್ಲಿ ರಾಣೆಬೆನ್ನೂರಿನಿಂದ ಒಂದು ಕಪ್ಪು-ಬಿಳುಪು ಟಿ.ವಿ. ತಂದು ಪಡಸಾಲೆಯಲ್ಲಿಟ್ಟರು. ಅದೇ ಪಡಸಾಲೆಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿ ರಾಶಿ ಬೀಳುತ್ತದೆ. ಓಣಿಯ ಹೆಂಗಸರು ಬಂದು ಕೂತು ತುಂಬು ಬಿಡಿಸುತ್ತಾರೆ, ಅಂದರೆ ತೊಟ್ಟು ಕೀಳುತ್ತಾರೆ. ಈಗ ತಮಗೊಂದು ಪ್ರಶ್ನೆ. ಮಕ್ಕಳ ಕಾರ್ಟೂನನ್ನು ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಇಟ್ಟ ಮಹಾನುಭಾವರು ಯಾವ ದೇಶದ ಶಾಲೆಯಲ್ಲಿ ಕಲಿತವರು? ನಮ್ಮ ಕಡೆ ಶನಿವಾರ ಬೆಳಗಿನ ಶಾಲೆ. ಆ ಹೊತ್ತಿಗೆ ಹಾವೇರಿಯಿಂದ ರಾಣೆಬೆನ್ನೂರಿನವರೆಗೆ ಒಂದೇ ಒಂದು ಮಗುವೂ ಮನೆಯಲ್ಲಿ ಇರುತ್ತಿರಲಿಲ್ಲ, ಜ್ವರ ಬಂದದ್ದನ್ನು ಬಿಟ್ಟರೆ. ಹೀಗಾಗಿ ತಾವು ಮಕ್ಕಳಿಗೆಂದು ಕಳಿಸಿದ ಕತ್ತೆ ಬಂದು ಸೇರಿದ್ದು ತಲೆಗೆ, ಮೂಗಿಗೆ ಸೆರಗು ಸುತ್ತಿಕೊಂಡು ಘಾಟಿಗೆ ಸೀನುತ್ತ ಕೂತ ಗದಿಗೆವ್ವ, ಸೋಮವ್ವರಂಥವರ ಮುಂದೆ. ಅವರು ಅದನ್ನು ಬಹಳ ಮರ್ಯಾದೆಯಿಂದ ಬರಮಾಡಿಕೊಂಡರು.

ಕಾರ್ಟೂನಿನಲ್ಲಿ ಇದ್ದದ್ದು ಇಬ್ಬರು: ಕೋಟು ತೊಟ್ಟು ಟೊಪ್ಪಿಗೆ ಹಾಕಿದ ಒಂದು ಕತ್ತೆ, ಮತ್ತೆ ಅದರ ಮುಂದೆ ಮುಂದೆಯೇ ಹಾರಾಡುವ ಒಂದು ಕಾಗೆ. ಮಾತೆಲ್ಲ ಇಂಗ್ಲಿಷಿನಲ್ಲಿ. ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ, ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನಗೆ ಆ ಕತ್ತೆಯ ವೇಗಕ್ಕೆ ಒಂದು ಶಬ್ದವೂ ಸಿಗುತ್ತಿರಲಿಲ್ಲ. ಆದರೆ ನಮ್ಮ ಹೆಂಗಸರ ಲೆಕ್ಕಾಚಾರವೇ ಬೇರೆ. ದಿಲ್ಲಿಯಿಂದ ಬರುವ ಮಾತೆಲ್ಲ ಒಂದೇ, ಸಾಬರ ಮನೆಯಲ್ಲಿ ಆಡುವುದೂ ಅದೇ, ಅಂದಮೇಲೆ ನಮ್ಮ ಅತ್ತೆ ರಮಜಾನಬಿಯವರಿಗೆ ತಿಳಿಯದ್ದು ಏನಿದ್ದೀತು? ಮೊದಲ ಶನಿವಾರವೇ ಗದಿಗೆವ್ವ ಕೇಳಿಬಿಟ್ಟಳು.

“ಅಮ್ಮಾರ, ಏನ ಅನ್ನಾಕತ್ತೈತ್ರಿ ಆ ಕತ್ತಿ?”

ಅತ್ತೆಯವರು ಟಿ.ವಿ. ನೋಡಿದರು, ನನ್ನನ್ನು ನೋಡಿದರು, ಬಾಯಲ್ಲಿದ್ದ ಎಲೆ-ಅಡಿಕೆ ಒಂದು ಕಡೆಗೆ ಸರಿಸಿದರು. ಮನೆಯ ಯಜಮಾನಿ ಅಷ್ಟು ಜನರೆದುರಿಗೆ ‘ನನಗೆ ತಿಳಿಯಲಿಲ್ಲ’ ಅನ್ನುವುದುಂಟೆ?

“ಲಗ್ನಾ ಮಾಡ್ಕೋತೇನಿ ಅನ್ನಾಕತ್ತೈತಿ,” ಎಂದರು.

ಅಲ್ಲಿಂದ ಸುರುವಾಯಿತು. ಕತ್ತೆ ಬ್ಯಾಡಗಿ ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟ ಸಾಹುಕಾರ. ವಯಸ್ಸು ಮೀರುತ್ತಿದ್ದರೂ ಮದುವೆ ಆಗಿಲ್ಲ. ಕಾಗೆ ಅವನ ಅಕ್ಕ. ತಂದೆತಾಯಿ ಇಲ್ಲದ ತಮ್ಮನಿಗೆ ಹೇಗಾದರೂ ಹೆಣ್ಣು ಗೊತ್ತುಮಾಡಬೇಕೆಂದು ಊರೂರು ಹಾರುವವಳು. ಕಾಗೆ ಟೊಪ್ಪಿಗೆ ಕಿತ್ತುಕೊಂಡು ಹಾರಿದರೆ, ಹೆಣ್ಣು ನೋಡಲು ಹೋಗುವಾಗ ಟೊಪ್ಪಿಗೆ ಬೇಡ, ರುಮಾಲು ಸುತ್ತಿಕೋ ಎಂದು ಅಕ್ಕನ ಹಟ. ಕತ್ತೆ ಬಾವಿಗೆ ಬಿದ್ದರೆ, ಹೆಣ್ಣಿನ ಚಿಕ್ಕಪ್ಪನಿಗೆ ಈ ಸಂಬಂಧ ಮನಸ್ಸಿಲ್ಲ. ಕತ್ತೆ ರೈಲಿನ ಹಿಂದೆ ಓಡಿದರೆ, ರಾಣೆಬೆನ್ನೂರಿನ ಬೀಗರು ಮಾತು ಮುರಿದು ಹೊರಟುಹೋಗುತ್ತಿದ್ದಾರೆ. ಒಂದೊಂದು ಸಲ ಹೆಂಗಸರು ತೊಟ್ಟು ಬಿಡಿಸುವುದನ್ನು ನಿಲ್ಲಿಸಿ, ಕತ್ತೆಗೆ ಯಾವ ಊರಿನ ಹೆಣ್ಣು ತರಬೇಕೆಂದು ವಾದಕ್ಕೆ ಬೀಳುತ್ತಿದ್ದರು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಕೆಮ್ಮಿ ಹೋಗುತ್ತಿದ್ದರು. ಶಾಲೆ ಬಿಟ್ಟು ಹಸಿದು ಬಂದ ಮಕ್ಕಳಿಗೆ ಇಡೀ ಕಥೆಯನ್ನು ಅತ್ತೆಯವರು ಮತ್ತೊಮ್ಮೆ ಹೇಳಬೇಕು. ಓಣಿಯ ಅರ್ಧ ಮಕ್ಕಳು ಆ ಕತ್ತೆಯನ್ನು ಕಣ್ಣಿಂದ ನೋಡಿದ್ದೇ ಇಲ್ಲ, ಕಿವಿಯಿಂದ ಕೇಳಿ ಬೆಳೆದವರು.

ಎರಡು ವರ್ಷ ನಡೆಯಿತು. ಕೊನೆಗೆ ಅಗಡಿ ಊರಿನಲ್ಲಿ ಒಂದು ಹೆಣ್ಣು ಗೊತ್ತಾಯಿತು, ಮುಂದಿನ ಶನಿವಾರ ಲಗ್ನ ಎಂದು ಅತ್ತೆಯವರು ಘೋಷಿಸಿದರು. ಮುಂದಿನ ಶನಿವಾರ ಎಲ್ಲರೂ ತಲೆ ಬಾಚಿಕೊಂಡು ಬಂದರು. ಟಿ.ವಿ. ಹಚ್ಚಿದರೆ ಕತ್ತೆ ಇಲ್ಲ. ಅದರ ಜಾಗದಲ್ಲಿ ಕನ್ನಡಕದ ಗೃಹಸ್ಥರೊಬ್ಬರು ಕೂತು ಎರೆಹುಳುವಿನ ಬಗ್ಗೆ ಹೇಳುತ್ತಿದ್ದರು. ಸೋಮವ್ವ ಅವರನ್ನು ಬಹಳ ಹೊತ್ತು ನೋಡಿ, “ಇವ್ರು ಹೆಣ್ಣಿನ ಅಪ್ಪ ಏನ್ರಿ?” ಎಂದು ಕೇಳಿದಳು. ತಾವು ಕಾರ್ಯಕ್ರಮ ಬದಲಿಸಿದಾಗ ಒಂದು ಸಾಲಿನ ಪ್ರಕಟಣೆ ಕೊಟ್ಟಿದ್ದರೆ ಆ ಗೃಹಸ್ಥರಿಗೆ ಈ ಅವಮಾನ ತಪ್ಪುತ್ತಿತ್ತು.

ಆಮೇಲೆ ಒಂಬತ್ತು ವರ್ಷ ಹೆಂಗಸರು ಅತ್ತೆಯವರನ್ನು ಕಾಡಿದರು: ಲಗ್ನ ಆತೋ ಇಲ್ಲೋ, ಅಷ್ಟ ಹೇಳಿಬಿಡ್ರಿ. ಅವರು ಹೇಳಲಿಲ್ಲ. “ಟಿ.ವಿ.ಯಾಗ ಬರದ ನಾ ಹೆಂಗ ಹೇಳ್ಲಿ? ಸುಳ್ಳ ಹೇಳಿದಂಗ ಆಗತೈತಿ,” ಅನ್ನುವರು. ಇಷ್ಟು ಕಟ್ಟುನಿಟ್ಟು ತಮ್ಮ ವಾರ್ತಾ ವಿಭಾಗದಲ್ಲಿ ಇದೆಯೇ ಎಂದು ನಾನು ಕೇಳುವುದಿಲ್ಲ.

ಈ ಮೇ ತಿಂಗಳಲ್ಲಿ ಕಾರ್ಟೂನು ಮರಳಿ ಬರುವ ಸುದ್ದಿ ಕೇಳಿದ್ದೇ ಓಣಿಯಲ್ಲಿ ಹಬ್ಬ. ಮಗಳ ಮನೆ ಸೇರಿದ್ದ ಗದಿಗೆವ್ವ ರಾಣೆಬೆನ್ನೂರಿನಿಂದ ರೈಲು ಹತ್ತಿ ಬಂದಳು. ಈಗ ನಮ್ಮದು ಬಣ್ಣದ ಟಿ.ವಿ.; ಕತ್ತೆಯ ಕೋಟು ಖಾಕಿ ಎಂದು ಗೊತ್ತಾಯಿತು. ದಲಾಲಿ ಸಾಹುಕಾರನಿಗೆ ಖಾಕಿ ಯಾಕೆ? ಕತ್ತೆ ಬಾಯಿ ತೆರೆಯಿತು. ಸ್ವಚ್ಛ ಹಿಂದಿಯಲ್ಲಿ, ತಾನು ಠಾಣೆಯ ಫೌಜದಾರ, ಈ ಕಾಗೆ ಪಳಗಿದ ಕಳ್ಳ, ಇವನನ್ನು ಹಿಡಿಯದೆ ಬಿಡುವುದಿಲ್ಲ ಎಂದಿತು. ಒಂಬತ್ತು ವರ್ಷದಲ್ಲಿ ಧಾರಾವಾಹಿ ನೋಡಿ ನೋಡಿ ನಮ್ಮ ಹೆಂಗಸರಿಗೆಲ್ಲ ಅಷ್ಟು ಹಿಂದಿ ಬರುತ್ತದೆ. ಬರದವರಿಗೂ ತಿಳಿಯಲಿ ಎಂಬಂತೆ, ಬೇಸಿಗೆ ರಜೆಯೆಂದು ಮನೆಯಲ್ಲಿದ್ದ ನನ್ನ ಕಿರಿ ಮಗಳು ಕೂಗಿದಳು: “ದಾದಿಮಾ, ಓ ಬಹನ್ ನೈ, ಚೋರ್ ಹೈ!” ಅಕ್ಕ ಅಲ್ಲವಂತೆ, ಕಳ್ಳನಂತೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಅತ್ತೆಯವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಒಲಿ ಮ್ಯಾಲ ಹಾಲ ಇಟ್ಟೇನಿ,” ಎಂದು ಒಳಗೆ ಹೋದರು. ಒಲೆಯ ಮೇಲೆ ಹಾಲು ಇರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ಅಂದಿನಿಂದ ಅವರು ಪಡಸಾಲೆಗೆ ಬರುವುದು ಬಿಟ್ಟರು. ಉಪ್ಪು, ಚಹಾ, ಬಾಗಿಲು ಇಷ್ಟರ ಹೊರತು ಮಾತಿಲ್ಲ. ಮೊಮ್ಮಕ್ಕಳು ರಾತ್ರಿ ಕಥೆ ಹೇಳೆಂದರೆ, “ನಿಮ್ಮ ಟಿ.ವಿ.ಗೆ ಕೇಳ್ರಿ,” ಎಂದು ಗೋಡೆಯ ಕಡೆ ಹೊರಳಿ ಮಲಗುತ್ತಿದ್ದರು. ಇಪ್ಪತ್ತು ವರ್ಷ ನನ್ನ ಸಾರಿಗೆ ಹುಳಿ ಹೆಚ್ಚಾಯಿತೆಂದು ದಿನಾ ದೂರಿದವರು ಅದನ್ನೂ ನಿಲ್ಲಿಸಿದರು. ಮಾನ್ಯರೇ, ನನಗೆ ನಿಜವಾಗಿ ಸಂಕಟವಾಯಿತು. ಬೇಕೆಂದೇ ಹುಳಿ ಜಾಸ್ತಿ ಹಾಕಿ ನೋಡಿದೆ, ಸುಮ್ಮನೆ ಉಂಡು ಎದ್ದರು.

ತಾವು ಹೇಳಬಹುದು: ಅಮ್ಮಾ, ಮೂಲ ಕಥೆ ಅದೇ, ನಾವೇನು ಮಾಡೋಣ? ಮೂಲ ಕಥೆಯಲ್ಲಿ ಇರುವುದಾದರೂ ಏನು ಸ್ವಾಮಿ? ಕದಿಯುವುದು, ಓಡುವುದು, ಬೀಳುವುದು. ಇಷ್ಟನ್ನು ನೋಡಲು ಟಿ.ವಿ. ಯಾಕೆ ಬೇಕು, ನಮ್ಮ ಬಸ್‌ಸ್ಟ್ಯಾಂಡು ಸಾಕು. ನಮ್ಮ ಕತ್ತೆಗೆ ಅಕ್ಕ ಇದ್ದಳು, ಅಂಗಡಿ ಇತ್ತು, ಮರ್ಯಾದೆ ಇತ್ತು. ಅದಕ್ಕೆ ಒಂದು ಕನ್ನೆ ಸಿಗಲೆಂದು ನಾಲ್ಕು ಜನ ಕಣ್ಣುರಿಯ ನಡುವೆಯೂ ದೇವರಲ್ಲಿ ಬೇಡಿಕೊಂಡಿದ್ದರು. ಅಂಥ ಮರ್ಯಾದಸ್ಥನನ್ನು ಏಕಾಏಕಿ ಫೌಜದಾರನನ್ನಾಗಿ ಮಾಡಿದ್ದೀರಲ್ಲ, ನ್ಯಾಯವೇ?

ಹೋದ ಶನಿವಾರದ ಸಂಗತಿ ಹೇಳಿ ಮುಗಿಸುತ್ತೇನೆ. ಗದಿಗೆವ್ವ ಮತ್ತೆ ರೈಲಿಗೆ ಬಂದಳು. ಪಡಸಾಲೆಯಲ್ಲಿ ಕೂರದೆ ನೇರ ಅಡುಗೆಮನೆಗೆ ನಡೆದಳು.

“ಅಮ್ಮಾರ, ಹೊರಗ ಬರ್ರಿ.”

“ನಾ ಯಾಕವಾ? ಈಗ ಅದಕ್ಕ ಬಾಯಿ ಬಂದೈತಿ.” ಅತ್ತೆಯವರು ತಲೆ ಎತ್ತಲಿಲ್ಲ. “ಎರಡ ವರ್ಷ ನಿಮಗ ಸುಳ್ಳ ಹೇಳೇನಿ. ಎಲ್ಲಾರಿಗೂ ಗೊತ್ತಾತು.”

“ಈಗೇನ ಗೊತ್ತಾಗೂದ್ರಿ? ಮೊದಲನೇ ವಾರನ ಗೊತ್ತಿತ್ತು. ಕತ್ತಿ ಬ್ಯಾಡಗಿ ಪ್ಯಾಟ್ಯಾಗ ದಲಾಲಿ ಮಾಡತೈತಿ ಅಂದ್ರಿ. ದಿಲ್ಲಿ ಮಂದಿಗೆ ನಮ್ಮ ಪ್ಯಾಟಿ ಎಲ್ಲಿ ಗೊತ್ತಿರತೈತ್ರಿ? ಗೊತ್ತಿದ್ದ ಕೇಳೀವಿ. ಖರೇ ಕಥಿ ಯಾರಿಗೆ ಬೇಕಾಗಿತ್ತು? ಲಗ್ನ ಮುಗಿಸದ ಹಂಗ ಹೆಂಗ ಬಿಡ್ತೀರಿ? ಒಂಬತ್ತ ವರ್ಷ ಆತು, ಅಗಡಿ ಹೆಣ್ಣ ಮುದಿಕಿ ಆಗಾಕತ್ತೈತಿ.”

ಕೈ ಹಿಡಿದು ಎಬ್ಬಿಸಿಕೊಂಡೇ ಬಂದಳು. ಬಂದವಳು ಟಿ.ವಿ.ಯ ದನಿಯನ್ನು ಪೂರ್ತಿ ಇಳಿಸಿದಳು. ಪರದೆಯ ಮೇಲೆ ತಮ್ಮ ಫೌಜದಾರನಿಗೆ ಏನೋ ಸನ್ಮಾನ ನಡೆಯುತ್ತಿತ್ತು. ಉದ್ದ ರೆಪ್ಪೆಯ ಒಂದು ಬಿಳಿ ಕುದುರೆ ಹೂವಿನ ಹಾರ ಹಿಡಿದು ಬರುತ್ತಿತ್ತು. ಪಕ್ಕದಲ್ಲಿ ಕಾಗೆ, ಕೈಕೋಳ ಹಾಕಿಸಿಕೊಂಡು ನಿಂತಿತ್ತು. ಅತ್ತೆಯವರು ಈ ಸಲವೂ ಎದ್ದು ಹೋಗುತ್ತಾರೆಂದುಕೊಂಡೆ. ಅವರು ಬಾಯಲ್ಲಿದ್ದ ಎಲೆ-ಅಡಿಕೆ ಒಂದು ಕಡೆಗೆ ಸರಿಸಿದರು.

“ನೋಡ್ರಿ, ಬಂತು ಅಗಡಿ ಹೆಣ್ಣು,” ಎಂದರು ಕೊನೆಗೆ. “ಏನ ಬಣ್ಣ, ಏನ ನಡಗಿ! ಕಾದದ್ದಕ್ಕೂ ಸಾರ್ಥಕ ಆತು.”

ಸೋಮವ್ವ ಓಡಿಹೋಗಿ ಅಡುಗೆಮನೆಯಿಂದ ಹಿಡಿ ಅಕ್ಕಿ ತಂದು ಎಲ್ಲರ ಕೈಗೆ ಹಂಚಿದಳು. ಕುದುರೆ ಹಾರ ಹಾಕಿತು, ಟಿ.ವಿ.ಯ ಮೇಲೆ ಅಕ್ಷತೆ ಬಿತ್ತು. ಅಷ್ಟರಲ್ಲಿ ನನ್ನ ಕಿರಿ ಮಗಳು, ಮೊದಲು ಚಾಡಿ ಹೇಳಿದವಳು, ಅಜ್ಜಿಯ ತೊಡೆಗೆ ಒರಗಿ ಕೇಳಿದಳು: ಕಾಗೆಯ ಕೈಗೆ ಸರಪಳಿ ಯಾಕೆ?

“ಸರಪಳಿ ಅಲ್ಲ ಬೇಟಿ, ಬಳಿ,” ಎಂದರು ಅತ್ತೆಯವರು. “ತಮ್ಮನ ಲಗ್ನ ನೋಡು. ಅಕ್ಕ ಹೊಸಾ ಬಳಿ ಇಟ್ಕೊಂಡಾಳ.”

ಗದಿಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ಪಡಸಾಲೆಯಲ್ಲಿ ಒಂದು ಮೆಣಸಿನಕಾಯಿಯೂ ಇರಲಿಲ್ಲ.

ಹಾಗಾದರೆ ಎಲ್ಲ ಸರಿಹೋಯಿತಲ್ಲ, ಪತ್ರವೇಕೆ ಎನ್ನುವಿರಿ. ಸರಿಹೋಗಿಲ್ಲ. ದನಿ ಇಳಿಸಿದರೆ ತಮ್ಮ ಹಿಂದಿಯ ಜೊತೆಗೆ ವಾದ್ಯವೂ ಹೋಗುತ್ತದೆ. ವಾದ್ಯವಿಲ್ಲದೆ ಲಗ್ನ ಹೇಗೆ ನಡೆದೀತು? ಆದ್ದರಿಂದ ನನ್ನ ಹಕ್ಕೊತ್ತಾಯ: ಮುಂದಿನ ಶನಿವಾರದಿಂದ ಕಾರ್ಟೂನಿನ ಓಲಗವನ್ನಷ್ಟೇ ಕಳಿಸಿ, ಮಾತನ್ನು ನಮಗೆ ಬಿಡಿ. ಅದು ತಮ್ಮ ನಿಯಮಾವಳಿಗೆ ಒಗ್ಗದಿದ್ದರೆ ಮೊದಲಿನಂತೆ ಇಂಗ್ಲಿಷಿನಲ್ಲೇ ಬರಲಿ. ಅದಕ್ಕೂ ತೊಂದರೆಯಿದ್ದರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನಲ್ಲಿ ಯಾರಿಗೂ ತಿಳಿಯದ ಯಾವುದೇ ಭಾಷೆಯಾದರೂ ನಡೆದೀತು. ಲಗೂ ಕ್ರಮ ಕೈಗೊಳ್ಳಿ. ಅತ್ತೆಯವರಿಗೆ ಮಾತು ಮರಳಿದೆ, ಸಾರಿನ ಹುಳಿಯ ಬಗ್ಗೆಯೂ ಮರಳಿದೆ. ಆದರೆ ವಾದ್ಯದ ಹೊಣೆಯನ್ನು ಅವರು ಯಾರಿಗೆ ಒಪ್ಪಿಸಿದ್ದಾರೆಂದು ಕೆಳಗೆ ನೋಡಿ.

ಇಂತಿ,
ಶನಿವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹತ್ತರವರೆಗೆ ಸೌಟಿನಿಂದ ತಾಟು ಬಾರಿಸುವ ಸೊಸೆ,
ಮಹಮೂದಾಬೇಗಂ
ಬ್ಯಾಡಗಿ, ಮೇ ೧೯೯೮