ಊಟದ ಮನೆ ಒಂದೋ ಎಲ್ಡೋ

ಜಯಕುಮಾರ್ ಅವರಿಗೆ,

ಮೊದಲು ‘ಭಾವ’ ಎಂದು ಬರೆದು, ಅದನ್ನು ಹೊಡೆದುಹಾಕಿ, ಹೆಸರು ಬರೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ನಾನು ಹಾಸ್ಟೆಲ್‌ನಲ್ಲಿ ಬೆಳೆದವಳು. ಆರನೇ ಕ್ಲಾಸಿನಿಂದಲೂ ಟ್ರಂಕಿಗೆ ಬೀಗ ಹಾಕಿ, ಎಳೆದು ನೋಡಿ, ಮಲಗುವ ಮುಂಚೆ ಇನ್ನೊಮ್ಮೆ ಎಳೆದು ನೋಡಿಯೇ ಅಭ್ಯಾಸ. ಈಗ ಮೈಸೂರಿನಲ್ಲಿ ಡಿಗ್ರಿ ಫಸ್ಟ್ ಇಯರ್‌ಗೆ ಬಂದರೂ ಅದು ಬಿಟ್ಟಿಲ್ಲ. ಯಾರಾದರೂ ಸುಮ್ಮನೆ ನಕ್ಕರೆ ಯಾಕೆ ನಕ್ಕರು ಎಂದು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತೇನೆ. ನೀವಂತೂ ಬಹಳ ನಗುತ್ತೀರಿ.

ವಾಟ್ಸಾಪ್ ಮಾಡಬಹುದಿತ್ತು. ಆದರೆ ಭಾನುವಾರ ಸಿಕ್ಕಾಗಲೆಲ್ಲ ನಿಮ್ಮ ಫೋನು ನಿಮ್ಮ ಕೈಯಲ್ಲಿರುವುದಕ್ಕಿಂತ ಅಕ್ಕನ ಕೈಯಲ್ಲಿರುವುದೇ ಹೆಚ್ಚು. ಈ ವಿಷಯ ಯಶಸ್ವಿನಿ ಅಕ್ಕನಿಗೆ ನನ್ನಿಂದ ಗೊತ್ತಾಗಬಾರದು, ನಿಮ್ಮಿಂದಲೇ ಗೊತ್ತಾಗಬೇಕು. ಅದಕ್ಕೇ ಪಾಂಡವಪುರದ ನಿಮ್ಮ ಟ್ರಾಕ್ಟರ್ ಸ್ಪೇರ್ ಪಾರ್ಟ್ಸ್ ಅಂಗಡಿಯ ಅಡ್ರೆಸ್ಸಿಗೆ ಹೀಗೆ ಕಾಗದ. ನನ್ನ ಕನ್ನಡದ ಮಧ್ಯೆ ಇಂಗ್ಲಿಷ್ ನುಗ್ಗುತ್ತದೆ, ಅಡ್ಜಸ್ಟ್ ಮಾಡಿಕೊಳ್ಳಿ.

ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ನನಗೆ ಅನುಮಾನವಿತ್ತು. ಸಣ್ಣದಲ್ಲ. ನೀವು ನಮ್ಮವರನ್ನು ಅವಮಾನ ಮಾಡುವುದಕ್ಕೆಂದೇ ಛತ್ರ ಹುಡುಕುತ್ತಿದ್ದೀರಿ ಎಂದುಕೊಂಡಿದ್ದೆ.

ಅದು ಶುರುವಾದದ್ದು ನಿಮ್ಮ ಮನೆಯಲ್ಲೇ. ಮದುವೆಯ ಮಾತುಕತೆ ಮುಗಿದ ಮೇಲೆ ನಾವು ಶ್ರೀರಂಗಪಟ್ಟಣದಿಂದ ಒಂದು ವ್ಯಾನ್ ಮಾಡಿಕೊಂಡು ನಿಮ್ಮ ಮನೆ ನೋಡುವುದಕ್ಕೆ ಬಂದಿದ್ದೆವಲ್ಲ, ಆವತ್ತು. ಹುಡುಗಿ ಬರುವ ಹಾಗಿಲ್ಲ ಎಂದು ಅಕ್ಕನನ್ನು ಮನೆಯಲ್ಲೇ ಬಿಟ್ಟಿದ್ದರು. ನಿಮ್ಮ ಅಡುಗೆಮನೆಯಿಂದ ಹುಳಿಯ ವಾಸನೆ, ತುಪ್ಪದಲ್ಲಿ ಗೋಡಂಬಿ ಹುರಿದ ವಾಸನೆ. ಹಾಸ್ಟೆಲ್ ಊಟ ತಿಂದು ಬಂದವಳಿಗೆ ಹೇಗಾಗಿರಬೇಡ! ಅಷ್ಟರಲ್ಲಿ ನಮ್ಮಪ್ಪ ಎದ್ದು ನಿಂತು, “ಊಟಕ್ಕೆ ಏನೂ ತೊಂದ್ರೆ ತಕಬ್ಯಾಡಿ, ಇವತ್ತು ನಂದು ಒಪ್ಪತ್ತು” ಅಂದರು. ದೊಡ್ಡಪ್ಪನದೂ ಒಪ್ಪತ್ತಂತೆ. ದೊಡ್ಡಮ್ಮನದೂ. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತೊಡೆಯ ಹತ್ತಿರ ಚಿವುಟಿದಳು, ನನ್ನದೂ ಒಪ್ಪತ್ತಾಯಿತು. ಬಾಳೆಹಣ್ಣು ತಿಂದು ಹಾಲು ಕುಡಿದೆವು.

ನನ್ನ ಕಣ್ಣಿಗೆ ಹೊಡೆದದ್ದು ನಿಮ್ಮ ಅವ್ವ ಪ್ರೇಮಮ್ಮನವರು ಒಂದು ಸಲವೂ ಒತ್ತಾಯ ಮಾಡದೇ ಇದ್ದದ್ದು. ನಮ್ಮ ಕಡೆ ಬಂದವರನ್ನು ಅನ್ನದ ಮುಂದೆ ಕೂರಿಸುವವರೆಗೆ ಬಿಡುವವರು ಯಾರಿದ್ದಾರೆ? ಅವರು ಸುಮ್ಮನೆ ಒಳಗೆ ಹೋದರು. ಹೊರಡುವಾಗ ನನ್ನ ಕೈಗೆ ಒಂದು ಬಟ್ಟೆ ಚೀಲ ಕೊಟ್ಟು, “ತಕೋ ಮಗ, ನಿಮ್ಮವ್ವಂಗೆ ಕೊಡು. ಏನೂ ಅನ್ಕಬ್ಯಾಡಿ ಅನ್ನು” ಅಂದರು. ವ್ಯಾನಿನಲ್ಲಿ ಬಿಚ್ಚಿ ನೋಡಿದರೆ ಅಕ್ಕಿ, ಬೇಳೆ, ಒಂದು ಅಚ್ಚು ಬೆಲ್ಲ, ತೆಂಗಿನಕಾಯಿ. ಬೇಯಿಸಿಟ್ಟ ಊಟವನ್ನು ಒಳಗೇ ಇಟ್ಟುಕೊಂಡು ಬೀಗರಿಗೆ ಹಸಿ ಅಕ್ಕಿ ಕೊಟ್ಟು ಕಳಿಸುವವರು ಎಂಥವರು? ನನ್ನ ರೂಮ್‌ಮೇಟ್‌ಗೆ ಹೇಳಿದರೆ ಅವಳು ಬಿದ್ದು ಬಿದ್ದು ನಕ್ಕು, “ರೇಷನ್ ಕೊಟ್ಟು ಕಳ್ಸಿದ್ರೇನೇ?” ಅಂದಳು. ನನಗೆ ನಗು ಬರಲಿಲ್ಲ. ಆವತ್ತಿನಿಂದ ನಿಮ್ಮ ಮನೆಯವರ ಒಂದೊಂದು ನಡೆಯನ್ನೂ ತೂಕ ಮಾಡತೊಡಗಿದೆ. ಅಕ್ಕಸಾಲಿಗನ ಮಗಳು, ತೂಕ ಮಾಡುವುದು ನನಗೆ ಯಾರೂ ಕಲಿಸಬೇಕಿಲ್ಲ.

ಆಮೇಲೆ ಅಕ್ಕನ ಪ್ಲ್ಯಾನ್ ಬಂತು. ಎಲ್ಲರ ರಿಸೆಪ್ಷನ್ ಥರ ತನ್ನದು ಇರಬಾರದು ಅಂದಳು. ಸಿಂಹಾಸನದಂಥ ಕುರ್ಚಿ ಬೇಡ, ಫೋಟೋಗೆ ಕ್ಯೂ ಬೇಡ, ಸ್ಟೇಜೇ ಬೇಡ. ಮದುಮಕ್ಕಳಿಬ್ಬರೂ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಮೊದಲ ಪಂಕ್ತಿಗೆ ತಾವೇ ಬಡಿಸಬೇಕು, ನೀವು ಅನ್ನ, ಅವಳು ಸಾರು. ಕೈ ಮುಗಿದು ಕಾಸು ತೆಗೆದುಕೊಳ್ಳುವ ಬದಲು ಎಲೆ ಮುಂದೆ ಬಗ್ಗಿ “ಇನ್ನೊಂಚೂರು ಹಾಕ್ಲಾ?” ಎಂದು ಕೇಳಿದರೆ ಬಂದವರು ಮರೆಯುವುದಿಲ್ಲ ಅನ್ನುವುದು ಅವಳ ಲೆಕ್ಕ. ನಮ್ಮವರು ಮಾಂಸ ತಿನ್ನದವರು, ಊಟ ಪೂರ್ತಿ ಸಸ್ಯಾಹಾರವೇ ಎಂದು ನೀವೇ ಮೊದಲು ಹೇಳಿದಿರಿ. ಅಷ್ಟು ಸಲೀಸಾಗಿ ಬಿಟ್ಟುಕೊಟ್ಟದ್ದೂ ನನಗೆ ಸರಿ ಕಾಣಲಿಲ್ಲ.

ಭಾನುವಾರಗಳಲ್ಲಿ ಛತ್ರ ನೋಡುವುದಕ್ಕೆ ಹೊರಟಾಗ ನಿಮ್ಮಿಬ್ಬರ ಜೊತೆ ನನ್ನನ್ನೂ ಕಾರಿನ ಹಿಂದೆ ಕೂರಿಸಿ ಕಳಿಸುತ್ತಿದ್ದರು. ಮದುವೆಗೆ ಮುಂಚೆ ಇಬ್ಬರೇ ಓಡಾಡಬಾರದೆಂದು. ಅಕ್ಕ ಲೈಟು, ಗೋಡೆಯ ಬಣ್ಣ ನೋಡುತ್ತಾ ವೀಡಿಯೋ ಮಾಡುತ್ತಿದ್ದಳು. ನಾನು ನಿಮ್ಮನ್ನೇ ನೋಡುತ್ತಿದ್ದೆ. ನಮ್ಮೂರಿನ ಛತ್ರದಲ್ಲಿ ನೀವು ಹಾಲ್ ಒಳಗೆ ಕಾಲೇ ಇಡಲಿಲ್ಲ. ಮ್ಯಾನೇಜರನ್ನು ಪಕ್ಕಕ್ಕೆ ಕರೆದು, ದನಿ ಇಳಿಸಿ, “ಅಣ್ಣ, ಊಟದ್ ಮನೆ ಒಂದೋ ಎಲ್ಡೋ?” ಅಂದಿರಿ. “ಎಲ್ಡು ಅವೆ ಸಾ, ಮ್ಯಾಲೊಂದು ಕೆಳಗೊಂದು” ಅಂದ ಅವನು. ಕಾರಿಗೆ ಬಂದು ಅಕ್ಕನಿಗೆ, “ಸ್ಟೇಜು ತೀರಾ ಎತ್ರ ಆಯ್ತು, ಬ್ಯಾಡ ಬುಡು” ಅಂದಿರಿ. ಸ್ಟೇಜೇ ಬೇಡ ಅಂದವಳಿಗೆ ಸ್ಟೇಜಿನ ಎತ್ತರ ಕಟ್ಟಿಕೊಂಡು ಏನಾಗಬೇಕು? ಅಕ್ಕ ಗಮನಿಸಲಿಲ್ಲ. ಪ್ರೀತಿ ಮಾಡುವವರಿಗೆ ಕಿವಿ ಸ್ವಲ್ಪ ಮಂದ ಅಂತ ಕಾಣುತ್ತದೆ.

ಪಾಂಡವಪುರದಲ್ಲಿ ನಿಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದ ಛತ್ರ. ಅದೇ ಪ್ರಶ್ನೆ, ಅದೇ ಇಳಿದ ದನಿ. ಅಲ್ಲೂ ಎರಡು. ಪಾರ್ಕಿಂಗ್ ಇಲ್ಲ ಅಂದಿರಿ, ಎದುರಿಗೆ ಬಸ್ಸುಗಳನ್ನೇ ಸಾಲಾಗಿ ನಿಲ್ಲಿಸುವಷ್ಟು ಬಯಲಿತ್ತು. ಕೆ.ಆರ್. ಪೇಟೆಯದು ಹೊಸದು, ಎ.ಸಿ. ಬೇರೆ. ಅಲ್ಲಿ ಮಧ್ಯದಲ್ಲಿ ನಿಂತು ಚಪ್ಪಾಳೆ ತಟ್ಟಿ, “ಎಕೋ ಒಡಿತದೆ” ಅಂದಿರಿ. ನಾಗಮಂಗಲ ದಾಟಿ ಬೆಳ್ಳೂರು ಕ್ರಾಸಿನವರೆಗೂ ಹೋದೆವು. ಅಲ್ಲಿನ ಮ್ಯಾನೇಜರ್ ನಿಮ್ಮ ಪ್ರಶ್ನೆಗೆ ಕಾದಿದ್ದವನ ಹಾಗೆ, “ಎಲ್ಡು ಅವೆ ಸಾ. ಬೇಕಂದ್ರೆ ನಡುವ್ಕೆ ಪರದೆ ಆಕಿಸ್ಕೊಡ್ತೀವಿ. ಈ ಕಡೆ ಅವ್ರು, ಆ ಕಡೆ ಇವ್ರು. ಯಾರ್ಗೂ ಗೊತ್ತಾಗಕಿಲ್ಲ” ಅಂದ. ನಿಮ್ಮ ಮುಖ ಒಂದು ಥರ ಆಯಿತು. ಸಿಕ್ಕಿಬಿದ್ದವರ ಮುಖ ಎಂದು ನಾನು ಅರ್ಥ ಮಾಡಿಕೊಂಡೆ. ವಾಪಸ್ ಬರುವಾಗ ಹೈವೇ ಸೌಂಡು ಜಾಸ್ತಿ ಎಂದಿರಿ.

ಇವರಿಗೆ ನಮ್ಮವರನ್ನು ಬೇರೆ ಕೂರಿಸಬೇಕಾಗಿದೆ. ಹಸಿ ಅಕ್ಕಿ ಕೊಟ್ಟು ಕಳಿಸಿದವರು ಈಗ ಪರದೆಯ ಹಿಂದೆ ಊಟ ಹಾಕುತ್ತಾರೆ. ಹೀಗೇ ನನ್ನ ತಲೆಯಲ್ಲಿ ಓಡುತ್ತಿತ್ತು. ಹಾಗಾದರೆ ಎರಡಿದ್ದ ಕಡೆಯೆಲ್ಲ ಯಾಕೆ ಬೇಡ ಅಂದರು ಎಂದು ಕೇಳಿಕೊಳ್ಳಲೇ ಇಲ್ಲ. ಇನ್ನೂ ದೂರದ್ದು, ಇನ್ನೂ ಮರೆಯಲ್ಲಿರುವುದು ಹುಡುಕುತ್ತಿರಬೇಕು ಅಂದುಕೊಂಡೆ.

ಕೊನೆಗೆ ಬೆಳಗೊಳದ ಹತ್ತಿರದ ಆ ನಿಂತುಹೋದ ಅಕ್ಕಿ ಗಿರಣಿ. ಒಂದು ಉದ್ದ ಶೆಡ್ಡು, ತಗಡಿನ ಮಾಡು, ಮೇಲೆ ಪಾರಿವಾಳ, ಮೂಲೆಯಲ್ಲಿ ಇನ್ನೂ ತೌಡಿನ ವಾಸನೆ. ಕಾವಲಿನ ಅಜ್ಜನನ್ನು ನೀವು ಕೇಳಿದ್ದು ಅದೇ. ಅವನು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, “ಎಲ್ಡಾ? ಇದೇನು ಅರಮನೆ ಅನ್ಕಂಡ್ಯಾ? ಇರಾದು ಒಂದೇ ಶೆಡ್ಡು ಕಣಪ್ಪ” ಅಂದ. ನೀವು ಅಲ್ಲೇ ನಿಂತು ಬುಕ್ ಮಾಡಿದಿರಿ. ಅಕ್ಕ ಕುಣಿದಾಡಿದಳು, ತೊಲೆಗಳಿಗೆಲ್ಲ ಸಣ್ಣ ಲೈಟು ಬಿಟ್ಟರೆ ಸಾಕಂತೆ. ನಾನು ಮಾತ್ರ ಇವರು ನನ್ನ ಅಕ್ಕನನ್ನು ತೌಡಿನ ವಾಸನೆಯಲ್ಲಿ ಮದುಮಗಳು ಮಾಡುತ್ತಾರಲ್ಲ ಎಂದು ಹಲ್ಲು ಕಚ್ಚಿಕೊಂಡೆ.

ಕಳೆದ ಭಾನುವಾರ ಅಪ್ಪನ ಅಂಗಡಿಗೆ ಹೋಗಿ, ನೀವು ಹೋದ ಕಡೆಯೆಲ್ಲ ಊಟದ ಮನೆ ಒಂದೋ ಎರಡೋ ಎಂದು ಗುಟ್ಟಾಗಿ ಕೇಳುತ್ತೀರಿ ಎಂದು ಹೇಳಿಬಿಟ್ಟೆ. ಅಪ್ಪ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಬೆಸುಗೆಯ ಉರಿಯಿಂದ ಕಣ್ಣು ತೆಗೆಯದೆ, “ಗೊತ್ತು ಕಣವ್ವ. ನಾನೇ ಏಳಿದ್ದೆ ಅವ್ರಿಗೆ. ಊಟದ್ ಮನೆ ಎಲ್ಡಿರೋ ಜಾಗ ನೋಡಪ್ಪ, ನಮ್ಮ ಇರೀಕ್ರು ಒಂದೇ ಪಂಕ್ತೀಲಿ ಕೂರಲ್ಲ ಅಂತ. ಆಯ್ತು ಮಾವ ಅಂದ್ರು. ಎಲ್ಲೂ ಸಿಗ್ಲಿಲ್ವಂತೆ ಪಾಪ, ಭಾಳ ಅಲ್ದವ್ರೆ” ಅಂದರು.

ಎಲ್ಲೂ ಸಿಗಲಿಲ್ಲವಂತೆ! ನೋಡಿದ ಕಡೆಯೆಲ್ಲ ನಾನು ಇದ್ದೆ. ನಿಮ್ಮ ಗುಟ್ಟು ಬಿಟ್ಟುಕೊಡಲಿಲ್ಲ. ಅಷ್ಟರಲ್ಲಿ ಅಪ್ಪನಿಗೆ ಫೋನು ಬಂತು. ಎರಡೂ ಕೈ ಕೆಲಸದಲ್ಲಿದ್ದದ್ದರಿಂದ ನನಗೇ ಸ್ಪೀಕರ್ ಹಾಕಲು ಹೇಳಿದರು. ಶಾಮಿಯಾನದವನು. “ಗಿರಣಿ ಇಂದ್ಗಡೆ ಆಕ್ಬುಡು. ನಮ್ಮೋರು ಕೂತ್ಕಳಷ್ಟು. ಅಡುಗೆಯೋರು ಬ್ಯಾರೆ ಬತ್ತಾರೆ. ಮುಂದ್ಗಡೆಯಿಂದ ಕಾಣಕೂಡ್ದು” ಅಂದರು ಅಪ್ಪ. “ಯಾಕಣ್ಣ, ಮಳೆಗಾ?” “ಊಂ, ಮಳೆಗೇ ಅನ್ಕೊ.” ಫೆಬ್ರವರಿಯಲ್ಲಿ ಮಳೆ!

ನಮ್ಮಪ್ಪನನ್ನು ಕೆಟ್ಟವರೆಂದು ತಿಳಿಯಬೇಡಿ. ನಮ್ಮವರಲ್ಲ, ಜನಿವಾರ ಹಾಕುವ ಮನೆಯಲ್ಲ ಎಂದು ದೊಡ್ಡಪ್ಪ ಎಗರಾಡಿದಾಗ, “ನನ್ ಮಗಳು ಒಪ್ಪವಳೆ, ಮುಗೀತು” ಎಂದು ಕದ ಹಾಕಿದವರು ಅವರೇ. ಮಗಳನ್ನು ಕೊಡುವುದಕ್ಕೆ ಒಪ್ಪಿದವರಿಗೆ ಎಲೆ ಪಕ್ಕ ಎಲೆ ಹಾಕುವುದು ಯಾಕೆ ಇಷ್ಟು ಕಷ್ಟ ಎಂದು ನನಗೆ ಅರ್ಥವಾಗುವುದಿಲ್ಲ. ಅಣ್ಣ ತಮ್ಮಂದಿರು ಎದ್ದು ಹೋಗುತ್ತಾರೆಂಬ ಭಯವೋ ಏನೋ.

ಅಂಗಡಿಯಿಂದ ಮನೆಗೆ ಬಂದವಳು ನೇರ ಅಡುಗೆಮನೆಗೆ ಹೋಗಿ ಅಮ್ಮನನ್ನು ಹಿಡಿದೆ. ಹಸಿ ಅಕ್ಕಿಯ ಸಿಟ್ಟೂ ಆಗ ಹೊರಗೆ ಬಂತು. ಅಮ್ಮ ಸೌಟು ಕೆಳಗಿಟ್ಟು ನನ್ನನ್ನು ಯಾವುದೋ ದೇಶದವಳನ್ನು ನೋಡುವ ಹಾಗೆ ನೋಡಿದಳು. “ಅದು ಪಡಿ ಕಣೆ, ಪೆದ್ದಿ. ನಿಮ್ಮಪ್ಪ ತಾಳಿ ಮಾಡ್ಕೊಟ್ಟ ಮನೇಲೆಲ್ಲ ಅಂಗೇ ಕೊಡ್ತಾರೆ. ಬೇಯ್ಸಿದ್ದು ನಾವು ಉಣ್ಣಲ್ಲ ಅಂತ ಗೊತ್ತಿರೋರು, ಮುಜುಗರ ಆಗ್ಬಾರ್ದು ಅಂತ ಅಸೀದು ಕೊಡ್ತಾರೆ. ಅವತ್ತು ಎಲ್ರೂ ಒಪ್ಪತ್ತು ಅಂದ್ರಲ್ಲ, ಆಯಮ್ಮಂಗೆ ಅರ್ಥ ಆಗೋಯ್ತು. ಮಾಡಿಟ್ಟಿದ್ದ ಊಟ ಅಂಗೇ ಇತ್ತು. ಒಂದ್ ಮಾತು ಆಡ್ಲಿಲ್ಲ ಮಾರಾಯ್ತಿ.”

ನನಗೆ ಪಡಿ ಎಂದರೆ ಗೊತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಯಾರ ಪಕ್ಕ ಜಾಗ ಖಾಲಿಯೋ ಅಲ್ಲಿ ತಟ್ಟೆ ಇಟ್ಟು ಕೂತವಳು ನಾನು. ನಿಮ್ಮ ಅವ್ವನ ಕೊರಳಿನ ತಾಳಿ ನಮ್ಮಪ್ಪ ಮಾಡಿದ್ದಂತೆ, ಅದೂ ಈಗಲೇ ಗೊತ್ತಾದದ್ದು. ಅವರು ದಿನಾ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆಯ ಕೈಕೆಲಸ. ಅವರ ಕೈಯ ಅಡುಗೆಗೆ ನಾವು ಒಪ್ಪತ್ತು ಅಂದೆವು. ಅವರು ಅದನ್ನು ನೋಡಿದರು, ಏನೂ ಅಂದುಕೊಳ್ಳಬೇಡಿ ಅಂದರು. ಏನಾದರೂ ಅಂದುಕೊಳ್ಳುವ ಹಕ್ಕು ಅವರಿಗಲ್ಲವೇ ಇದ್ದದ್ದು?

ಈಗ ನಿಮ್ಮ ಎಲ್ಲ ಸುಳ್ಳುಗಳೂ ಬೇರೆ ಥರ ಕಾಣುತ್ತಿವೆ. ಸ್ಟೇಜಿನ ಎತ್ತರ, ಪಾರ್ಕಿಂಗು, ಎಕೋ. ಮಾವನಿಗೆ ಎದುರಾಡದೆ, ಎರಡು ಊಟದ ಮನೆ ಇರುವ ಜಾಗಗಳನ್ನು ಒಂದೊಂದಾಗಿ ತಳ್ಳಿಹಾಕಿದಿರಿ. ಒಳ್ಳೆಯದಕ್ಕೇ ಇರಬಹುದು. ಆದರೂ ನನ್ನ ಅನುಮಾನ ಪೂರ್ತಿ ಇಳಿದಿಲ್ಲ, ಜಾಗ ಬದಲಾಯಿಸಿದೆ ಅಷ್ಟೆ. ಅಪ್ಪನಿಗೆ ಸುಳ್ಳು ಹೇಳಿದಿರಿ, ಅಕ್ಕನಿಗೆ ಏನೂ ಹೇಳಲಿಲ್ಲ. ಇಷ್ಟು ಚೆನ್ನಾಗಿ ಮುಚ್ಚಿಡಲು ಬರುವವರು ನಾಳೆ ಇನ್ನೇನು ಮುಚ್ಚಿಟ್ಟಾರು? ಅವಳಿಗೆ ನೋವಾಗುತ್ತದೆ ಎಂದು ಸುಮ್ಮನಿದ್ದಿರಾ, ಅವಳು ನಿಮ್ಮ ಮೇಲೆ ಮುನಿದಾಳು ಎಂದು ಸುಮ್ಮನಿದ್ದಿರಾ? ನೀವೇ ಯೋಚಿಸಿ. ಆ ದಿನ ಅವಳು ಸಾರಿನ ಬಕೆಟ್ ಹಿಡಿದು ಶೆಡ್ಡಿನಲ್ಲಿ ಬರುತ್ತಾಳೆ. ಒಂದು ಸಾಲಿನಲ್ಲಿ ನಮ್ಮವರು ಯಾರೂ ಇಲ್ಲ, ಇನ್ನೊಂದರಲ್ಲೂ ಇಲ್ಲ. ಹಿಂದಿನ ಬಾಗಿಲಾಚೆ ನೋಡಿದರೆ ಶಾಮಿಯಾನದಡಿ ಅಪ್ಪ. ಬಕೆಟ್ ಹಿಡಿದುಕೊಂಡು ಅವಳು ಯಾವ ಕಡೆ ಹೋಗಬೇಕು? ಅದು ಅವಳಿಗೆ ಅಲ್ಲಿ, ಅಷ್ಟು ಜನರ ಮುಂದೆ ಗೊತ್ತಾಗಬಾರದು. ಮೊದಲೇ ಹೇಳಿ. ಅಳುತ್ತಾಳೆ. ಅಳಲಿ. ಪಕ್ಕದಲ್ಲಿ ಕೂತಿರಿ.

ಅಪ್ಪನ ಜೊತೆ ಜಗಳಕ್ಕೆ ಹೋಗಬೇಡಿ, ಶಾಮಿಯಾನ ಬಿಚ್ಚಿಸಲೂ ಬೇಡಿ. ಅದು ಅದರ ಪಾಡಿಗೆ ಇರಲಿ, ಮಕ್ಕಳು ಆಟವಾಡಿಕೊಳ್ಳುತ್ತವೆ. ನೀವು ಹೊತ್ತಿಗೆ ಸರಿಯಾಗಿ ಮೊದಲ ಪಂಕ್ತಿಗೆ ಎಲೆ ಹಾಕಿಸಿ. ನಿಮ್ಮ ಅವ್ವನ ಎಡಗಡೆಯ ಎಲೆ ನನ್ನದು. ಒತ್ತಾಯ ಮಾಡುವುದನ್ನು ಆವತ್ತು ಅವರು ಬಾಕಿ ಉಳಿಸಿಕೊಂಡಿದ್ದಾರೆ, ಎರಡು ಸಲ ಬಡಿಸಿಕೊಳ್ಳುತ್ತೇನೆ ಎಂದು ಹೇಳಿ. ಬಲಗಡೆಯ ಎಲೆ ಯಾರದು ಎಂದು ನಾನು ಕೇಳುವ ಮುಂಚೆಯೇ ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಾಳೆ. ನಾನು ಮೈಸೂರಿನ ಬಸ್ಸಿಗೆ ಹೊರಡುವಾಗ ಅಟ್ಟದಿಂದ ಸ್ಟೀಲ್ ಡಬ್ಬ ಇಳಿಸಿ ತೋರಿಸಿದಳು. ನಿಮ್ಮ ಅವ್ವ ಕೊಟ್ಟ ಅಕ್ಕಿ, ಹಾಗೇ ಇತ್ತು.

“ಬೇಯ್ಸಕ್ಕೆ ಮನ್ಸೇ ಬಂದಿಲ್ಲ ಕಣೆ. ಅವತ್ತು ಗಿರಣಿಗೆ ತಕಂಡೋಯ್ತೀನಿ. ಅವ್ರ ಅಕ್ಕಿ ಜೊತೇಲೇ ಬೇಯ್ಲಿ. ಆಯಮ್ಮನ ಪಕ್ಕ ಕೂತ್ಕಂಡೇ ಉಣ್ತೀನಿ.”

“ಅಪ್ಪ?” ಅಂದೆ.

ಅಮ್ಮ ಡಬ್ಬದ ಮುಚ್ಚಳ ಒತ್ತಿ ಹಾಕಿದಳು. “ಅವ್ರಿಗೆ ಅಸಿವಾಗಲ್ವಾ? ಅಸಿವಾದ್ರೆ ಬರ್ತಾರೆ.”

ಬರುತ್ತಾರೋ ಇಲ್ಲವೋ, ಅಮ್ಮನ ಎದುರಿಗೆ ಒಂದು ಎಲೆ ಹಾಕಿಸಿ ಇಡಿ. ಅದರ ಮುಂದೆ ಬೇರೆ ಯಾರನ್ನೂ ಕೂರಿಸಬೇಡಿ.

ನೀವು ಹಿಡಿದ ಅನ್ನದ ಬುಟ್ಟಿ ಖಾಲಿಯಾಗದಿರಲಿ, ಅಕ್ಕನ ಕೈಯ ಬಕೆಟ್ ತುಳುಕದಿರಲಿ. ಅವಳಿಗೆ ಹೇಳಿದ ಸಂಜೆ ನನಗೊಂದು ಮಿಸ್ಡ್ ಕಾಲ್ ಕೊಡಿ. ಮೇಲೆ ಹೊಡೆದುಹಾಕಿದ ಪದದಿಂದಲೇ ಆವತ್ತು ನಾನೇ ಫೋನ್ ಮಾಡಿ ನಿಮ್ಮನ್ನು ಕರೆಯುತ್ತೇನೆ.

ಅಲ್ಲಿಯವರೆಗೆ,
ಯಶಸ್ವಿನಿಯ ತಂಗಿ
ರಂಜಿತ